ಬ್ಯಾಗಿನಲ್ಲಿ ಬಚ್ಚಿಟ್ಟ ಬಯಾಪ್ಸಿ ವರದಿ

"ಬಯಾಪ್ಸಿ ಮಾಡದೆ ಏನೂ ಹೇಳ್ಲಿಕ್ಕಾಗುದಿಲ್ಲ" ಎಂದು ಈ ಗಲ್ಫ್ ಊರಿನ ಅದ್ಲಿಯಾ ಬಡಾವಣೆಯ ಡಾಕ್ಟರಮ್ಮ ಹೇಳಿದಾಗ ನಾನು ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೇರೆ ಆಸ್ಪತ್ರೆಯಲ್ಲಿ ಮಾಡಿಸಿದ ಬಯಾಪ್ಸಿಯ ವರದಿ ಅದರೊಳಗೇ ಇತ್ತು. ಗರ್ಭಕೋಶದ ಕೊರಳಿನಲ್ಲಿ ಅಪರೂಪದ ಕ್ಯಾನ್ಸರ್, ಬೇಗ ಹರಡುವ ಜಾತಿ, ತಕ್ಷಣ ಕೀಮೋ ಬೇಕು ಎಂದು ಅಲ್ಲಿ ಹೇಳಿದ್ದರು. ಆದರೆ ಅದೇ ಊರಿನ ಸೆಗಯಾದಲ್ಲಿ ಹೊಲಿಗೆ ಅಂಗಡಿ ಕಟ್ಟಿ ನಿಲ್ಲಿಸಿದವಳು ನಾನು. ಒಂದು ಅಂಗಡಿಯ ರೇಟನ್ನು ಇನ್ನೊಂದು ಅಂಗಡಿಯಲ್ಲಿ ಬಾಯಿ ಬಿಡುವುದುಂಟೇ? ಹೇಳದಿದ್ದರೆ ಇವರು ಸ್ವಲ್ಪ ಚಿಕ್ಕ ಕಾಯಿಲೆ ಹೇಳಬಹುದೆಂಬ ಆಸೆ.

ಇನ್ನೊಮ್ಮೆ ಆ ನೋವು ತಿನ್ನುವ ಧೈರ್ಯವಿಲ್ಲದೆ ಕೊನೆಗೆ ವರದಿಯನ್ನು ಮೇಜಿನ ಮೇಲಿಟ್ಟೆ. ಡಾಕ್ಟರಮ್ಮ ಓದಿ ಕನ್ನಡಕ ತೆಗೆದರು.

"ಎಂಥ ಮಾರಾಯ್ರೆ, ಇದನ್ನು ಮುಚ್ಚಿಟ್ಟು ಕೂತದ್ದಾ? ನಾನೇನು ಸೀರೆ ಮಾರ್ತೇನಾ?"

"ನೀವು ಕಡಿಮೆಗೆ ಮುಗಿಸ್ತೀರೇನೋ ಅಂತ..."

"ಕಡಿಮೆ ಇಲ್ಲ. ಅವರು ಹೇಳಿದ್ದು ಸರಿ ಉಂಟು. ವಾರದ ರಜೆ ಮುಗಿದು ಭಾನುವಾರವೇ ಕೀಮೋ ಶುರು."

ನಾನು ಕಲಿತದ್ದಿಷ್ಟು: ಎರಡನೆಯ ಡಾಕ್ಟರನ್ನು ಖಂಡಿತ ಕೇಳಿ, ಮೊದಲನೆಯವರ ಕಾಗದ ಕೊಟ್ಟೇ ಕೇಳಿ. ಕೀಮೋ, ರೇಡಿಯೇಶನ್ ಎಲ್ಲ ಮುಗಿದ ದಿನ ಡಾಕ್ಟರಮ್ಮ, ಇನ್ನು ಐದು ವರ್ಷ ತಪಾಸಣೆಗೆ ಬರಬೇಕೆಂದರು. "ಹತ್ತು ಮಾಡಿ" ಎಂದೆ. ಜನ್ಮದಲ್ಲಿ ಏರಿಸಿ ಚೌಕಾಸಿ ಮಾಡಿದ್ದು ಅದೊಂದೇ ಸಲ.