ಎರಡೇ ಹಾಡು ಹಾಡಿದ ಗಾಯಕಿ

ಲಂಡನ್ನಿನ ಟೂಟಿಂಗ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ, ಜನ ದಾನ ಕೊಟ್ಟ ಹಳೇ ಸಾಮಾನು ಮಾರುವ ಒಂದು ಚಾರಿಟಿ ಅಂಗಡಿ ಇತ್ತು. ತೊಂಬತ್ತರ ದಶಕದಲ್ಲಿ ಎಲ್ಲರೂ ಸಿ.ಡಿ.ಗೆ ಬದಲಾಗುತ್ತಿದ್ದುದರಿಂದ ಹಳೇ ಗ್ರಾಮಫೋನ್ ತಟ್ಟೆಗಳು ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ಒಂದು ಶನಿವಾರ ನನಗೆ ಚಿಕ್ಕ ತಟ್ಟೆಯೊಂದು ಸಿಕ್ಕಿತು. ಬದಿಗೊಂದರಂತೆ ಎರಡೇ ಹಾಡು. ಹೊದಿಕೆಯ ಮೇಲೆ ಗಾಯಕಿಯ ಹೆಸರು, ಅದರ ಕೆಳಗೆ ಕಪ್ಪು ಹುಡುಗಿಯೊಬ್ಬಳು ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತ ನಿಂತಿದ್ದಳು.

ಮನೆಗೆ ತಂದು ಹಚ್ಚಿದೆ. ಚರ್ಚಿನ ಹಾಡುಗಾರಿಕೆಯಿಂದ ಬೆಳೆದ, ಸೋಲ್ ಎಂದು ಕರೆಯುವ ಸಂಗೀತ ಅದು. ಧಾರವಾಡದಲ್ಲಿ ಹಿಂದೂಸ್ತಾನಿ ಕಲಿತ ಕಿವಿ ನನ್ನದು. ಮೇಲಿನ ಷಡ್ಜ ಮುಟ್ಟುವ ಮೊದಲು ಆಕೆ ನಿಷಾದದ ಮೇಲೆ ತಡೆದು ನಿಂತಳು. ನನ್ನ ಉಸಿರೂ ನಿಂತಿತು. ಮತ್ತೆ ಹಚ್ಚಿದೆ.

ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಗಂಡ ಕೋಟು ಬಿಚ್ಚುತ್ತ ಕೇಳಿದರು, "ಅದನ್ನ ಎಷ್ಟ ಸಲ ಹಚ್ತೀ?"

"ಈಕಿ ಹೀಂಗ ನಿಲ್ಲೋದು ಎಲ್ಲಿ ಕಲ್ತಳು ಅಂತ ಗೊತ್ತಾಗಬೇಕ್ರೀ ನನಗ."

"ಹಂಗಾರ ಆಕಿನ್ನ ಕೇಳು."

ಅವರು ಚೇಷ್ಟೆಗೆ ಅಂದದ್ದು. ನಾನು ನಿಜಕ್ಕೂ ಹುಡುಕತೊಡಗಿದೆ. ಹಳೇ ತಟ್ಟೆ ಮಾರುವ ಒಬ್ಬ, ಆಕೆ ಎಂದೋ ಸತ್ತಳು ಎಂದ. ಇನ್ನೊಬ್ಬ, ಅಮೆರಿಕಕ್ಕೆ ಹೋದಳು ಎಂದ. ಲೈಬ್ರರಿಯ ಪುಸ್ತಕಗಳಲ್ಲಿ ಆಕೆಯ ಸುದ್ದಿಯೇ ಇರಲಿಲ್ಲ. ಮನೆಗೆ ಇಂಟರ್‌ನೆಟ್ ಬಂದ ಮೇಲೆ ಮಗಳನ್ನು ಕೂರಿಸಿ ಹುಡುಕಿಸಿದೆ. "ನಥಿಂಗ್, ಅಮ್ಮಾ," ಎಂದು ಎದ್ದು ಹೋದಳು.

ಹೀಗೇ ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಪಕ್ಕದ ಫ್ಲ್ಯಾಟಿಗೆ ಜಮೈಕಾ ಮೂಲದ ಹಿರಿಯ ಹೆಂಗಸೊಬ್ಬರು ಬಂದರು. ಒಂದು ಮಧ್ಯಾಹ್ನ ಹಾಡು ಹಚ್ಚಿಕೊಂಡು ಚಪಾತಿ ಲಟ್ಟಿಸುತ್ತಿದ್ದೆ. ಅವರು ಬಾಗಿಲು ಬಡಿದರು. ಸದ್ದು ಜೋರಾಯಿತೆಂದು ಜಗಳಕ್ಕೆ ಬಂದಿರಬೇಕು ಅಂದುಕೊಂಡೆ.

"ಇದು ನಿಮಗೆಲ್ಲಿ ಸಿಕ್ಕಿತು?" ಎಂದರು. "ಹಾಡುತ್ತಿರುವವಳು ನನ್ನ ತಂಗಿ ಹೋಗುವ ಚರ್ಚಿನವಳು! ಇಲ್ಲೇ ಹತ್ತಿರ, ಕ್ರಾಯ್ಡನ್‌ನಲ್ಲಿದ್ದಾಳೆ."

ಮುಂದಿನ ಭಾನುವಾರವೇ ಅವರ ಜೊತೆ ಹೊರಟೆ. ಚರ್ಚಿನಲ್ಲಿ ಮೇಳದವರನ್ನು ನಿಲ್ಲಿಸಿ ಹಾಡಿಸುತ್ತಿದ್ದ ಬಿಳಿಗೂದಲಿನ ಹೆಂಗಸೇ ಆ ಹುಡುಗಿ. ಪ್ರಾರ್ಥನೆ ಮುಗಿದ ಮೇಲೆ ಪರಿಚಯ ಹೇಳಿಕೊಂಡೆ. ತಾವು ಸತ್ತರೆಂಬ ಸುದ್ದಿ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ತಟ್ಟೆ ಮಾಡಿದ ಕಂಪನಿ ಸತ್ತಿತು, ನಾನಲ್ಲ. ನಗರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿದೆ. ಭಾನುವಾರಗಳಲ್ಲಿ ಇಲ್ಲಿ ಹಾಡಿದೆ. ಹಾಡುವುದನ್ನು ಬಿಟ್ಟದ್ದೇ ಇಲ್ಲ."

ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಕೊನೆಗೂ ಕೇಳಿದೆ: ಮೇಲಿನ ಸ್ವರಕ್ಕೆ ಮೊದಲು ಹಾಗೆ ತಡೆದು ನಿಲ್ಲುವುದನ್ನು ಯಾರು ಕಲಿಸಿದ್ದು?

ಅವರಿಗೆ ಮೊದಲು ನೆನಪಾಗಲಿಲ್ಲ. ನಾನು ಅಷ್ಟನ್ನು ಹಾಡಿ ತೋರಿಸಿದೆ. "ಓ, ಅದಾ! ಅವತ್ತು ಗಂಟಲು ಕೆಟ್ಟಿತ್ತು. ಅಷ್ಟು ಎತ್ತರಕ್ಕೆ ದನಿ ಹೋಗುತ್ತೋ ಇಲ್ಲವೋ ಎಂದು ಹೆದರಿ ನಿಂತೆ. ಎರಡನೇ ಸಲ ಹಾಡಿಸಲು ಕಂಪನಿಯವರಿಗೆ ವ್ಯವಧಾನವಿರಲಿಲ್ಲ."

ಗುರುಗಳು, ಪದ್ಧತಿ, ಸಾಧನೆ ಎಂದು ಏನೇನೋ ಊಹಿಸಿದ್ದೆ. ಬರೀ ಹೆದರಿಕೆ! ನನಗೆ ನಿರಾಸೆಯಾಗಬೇಕಿತ್ತು. ಆಗಲಿಲ್ಲ, ಆ ಹುಡುಗಿಯ ಮೇಲೆ ಅಕ್ಕರೆ ಇನ್ನೂ ಹೆಚ್ಚಿತು.

ಕೆಲವು ದಿನಗಳ ನಂತರ ಅವರು ನಮ್ಮ ಮನೆಗೆ ಬಂದರು. ಅವರ ಹತ್ತಿರ ಆ ತಟ್ಟೆ ಉಳಿದಿರಲಿಲ್ಲ. ಮುಂದಕ್ಕೆ ಬಾಗಿ ಕೇಳಿದರು, ಡ್ರಮ್ಮಿನವನನ್ನು ಬೈದರು, ಹುಡುಗಿಯಾಗಿದ್ದಾಗಿನ ತಮ್ಮ ಇಂಗ್ಲಿಷ್ ಉಚ್ಚಾರಣೆಗೆ ನಕ್ಕರು. ತಟ್ಟೆ ಇಟ್ಟುಕೊಳ್ಳಿ ಎಂದೆ. ಬೇಡವೆಂದರು.

"ನೀವು ಏನು ಕಲಿತಿದ್ದೀರಿ? ಹಾಡಿ," ಎಂದರು. ಮದುವೆಯಾದ ಮೇಲೆ ಯಾರ ಮುಂದೆಯೂ ಕೂತು ಹಾಡಿರಲಿಲ್ಲ ನಾನು. ಭೀಮಪಲಾಸಿ ರಾಗದ ಆಲಾಪ ಶುರು ಮಾಡಿದೆ. ಎರಡು ಕಡೆ ದನಿ ಒಡೆಯಿತು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಹೊಗಳಲಿಲ್ಲ.

"ಗುರುವಾರ ಸಂಜೆ ನಮ್ಮ ಮೇಳದ ಅಭ್ಯಾಸ ಇರುತ್ತದೆ," ಎಂದರಷ್ಟೇ. "ಕೆಳಗಿನ ಸ್ಥಾಯಿಯಲ್ಲಿ ಹಾಡಲು ನಮಗೆ ಜನ ಸಾಲುತ್ತಿಲ್ಲ."

ಗುರುವಾರ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕ್ರಾಯ್ಡನ್ ಬಸ್ಸು ಹತ್ತಿದೆ.