ನನ್ನ ಹೆಸರಿಗೆ ಬಿದ್ದ ಮೀನು

ನಿನ್ನೆ ಬೆಳಿಗ್ಗೆ ಅಂಗಿಯ ಎರಡನೇ ಗುಂಡಿ ಕೈಗೆ ಬಂತು. ಹೆಂಡತಿ ಸುಶೀಲ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮದುವೆಯಾಗಿ ಮೂವತ್ತು ವರ್ಷವಾದ ಮೇಲಾದರೂ ಗಂಡಸು ತನ್ನ ಗುಂಡಿಯನ್ನು ತಾನೇ ಹೊಲಿದುಕೊಳ್ಳಬೇಕು ಎಂಬ ಘನವಾದ ತೀರ್ಮಾನಕ್ಕೆ ಬಂದು, ಅವಳ ಗುಂಡಿ ಡಬ್ಬಿಯನ್ನು ತೆಗೆದು ಕೈಯಾಡಿಸಿದೆ. ಹಳೆಯ ಬಿಸ್ಕತ್ತಿನ ಡಬ್ಬಿ ಅದು. ಗುಂಡಿ, ಪಿನ್ನು, ದಾರದುಂಡೆ, ಎಂದೋ ಕಳೆದುಹೋದ ಓಲೆಯ ಒಂಟಿ ತಿರುಪು, ಎಲ್ಲ ಅದರೊಳಗಿವೆ. ಹೆಬ್ಬೆರಳಿಗೆ ಏನೋ ಚುರ್ರೆಂದು ಚುಚ್ಚಿತು. ಈಚೆ ತೆಗೆದರೆ ಸೂಜಿಯಲ್ಲ, ಪಿನ್ನಲ್ಲ, ಮೀನಿನ ಗಾಳದ ಕೊಕ್ಕೆ. ಅದಕ್ಕೆ ಗೇಣುದ್ದ ನೈಲಾನ್ ದಾರ ಕಟ್ಟಿದ್ದು ಹಾಗೇ ಇತ್ತು.

ಆ ಕೊಕ್ಕೆ ಕಳೆದುಹೋಯಿತೆಂದು ಮೂರು ವರ್ಷದಿಂದ ನಂಬಿಕೊಂಡಿದ್ದೆ. ಕೊಕ್ಕೆ ನನ್ನದು, ಆದರೆ ದಾರಕ್ಕೆ ಹಾಕಿದ್ದ ಗಂಟು ನನ್ನದಲ್ಲ. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳ ಹೊಟ್ಟೆ ಬಗೆದು ತಾಮ್ರದ ತಂತಿ ಸುತ್ತಿ ಮತ್ತೆ ಕಟ್ಟುವುದು ಕಸುಬು. ಗಂಟು ನೋಡಿದರೆ ಕಟ್ಟಿದ ಕೈ ಯಾವುದೆಂದು ನನಗೆ ತಿಳಿಯುತ್ತದೆ. ಇದು ಸುಶೀಲಳ ಗಂಟು. ಕೂತಲ್ಲೇ ಕೂತುಬಿಟ್ಟೆ.

ಕೂರುವುದಕ್ಕೆ ನನಗೆ ಈಗೀಗ ದೊಡ್ಡ ಕಾರಣವೇನೂ ಬೇಕಿಲ್ಲ ಅನ್ನಿ. ಬೇಸಿಗೆ ನಾಲ್ಕು ತಿಂಗಳು ನಮ್ಮ ಕಡೆಯ ತೆಂಗಿನ ತೋಟದವರೆಲ್ಲ ನನ್ನ ಫೋನಿನೊಳಗೇ ಸಂಸಾರ ಹೂಡಿರುತ್ತಾರೆ. "ಮೋಟ್ರು ಆಯ್ತಾ?" "ಆಯ್ತು ಅಂದಿದ್ರಲ್ಲಾ?" "ನಿಮ್ಮ ಮನೆ ಕಾಯ್ಹೋಗಾ, ಇವತ್ತಾದ್ರೂ ಕೊಡ್ರೀ!" ತಂತಿಗೆ ಬಳಿಯುವ ವಾರ್ನಿಷ್ ವಾಸನೆ ಮೂಗಿಗೆ ಹತ್ತಿ, ಊಟದ ತಟ್ಟೆಯಲ್ಲೂ ಅದೇ ಬರುತ್ತದೆ. ಇದು ಒಂದು ರಾತ್ರಿ ನಿದ್ದೆ ಹೊಡೆದರೆ ಇಳಿಯುವ ದಣಿವಲ್ಲ, ಮೂಳೆಯೊಳಗೆ ಇಳಿದು ಖಾತೆ ಮಾಡಿಸಿಕೊಂಡಿರುವ ದಣಿವು.

ಮೂರು ವರ್ಷದ ಹಿಂದೆಯೂ ಹೀಗೇ ಸಾಕಾಗಿತ್ತು. ಮಳೆ ಚೆನ್ನಾಗಿ ಹುಯ್ದು ಮೋಟರುಗಳು ತಣ್ಣಗಾದ ಮೇಲೂ ದಣಿವು ಇಳಿದಿರಲಿಲ್ಲ. ಒಂದು ದಿನ ಸುಶೀಲ ಮುದ್ದೆ ತಿರುವುತ್ತಲೇ ಅಂದಳು: "ನಾವಿಬ್ರೂ ಸೇರಿ ಎಲ್ಲಾದ್ರೂ ಹೋಗಿದ್ದು ಯಾವಾಗ ಹೇಳಿ ನೋಡಾನ."

ನಾನು ಲೆಕ್ಕ ಹಾಕಿದೆ. ಮದುವೆ, ತಿಥಿ, ಗೃಹಪ್ರವೇಶ, ಅಂತರಘಟ್ಟೆಯ ಹರಕೆ, ಆಸ್ಪತ್ರೆ. ಎಲ್ಲದರಲ್ಲೂ ಜನ. ಇಬ್ಬರೇ ಹೋಗಿದ್ದು ಒಮ್ಮೆ, ಶಿವಮೊಗ್ಗಕ್ಕೆ, ಅವಳ ಹಲ್ಲು ಕೀಳಿಸಲು.

"ಒಂದಿನ ನೀರಿನ ಹತ್ರ ಸುಮ್ನೆ ಕೂತಿರ್ಬೇಕು ಅನ್ಸುತ್ತೆ ಕಣ್ರೀ. ಯಾರಿಗೂ ಬೇಯಿಸಿ ಹಾಕ್ದಂಗೆ," ಅಂದಳು. ಅವಳು ಕೇಳಿದ್ದು ಇಷ್ಟೇ. ಇದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಏಕೆಂದರೆ ನಾನು ಇಟ್ಟುಕೊಳ್ಳಲಿಲ್ಲ.

ಅವಳು ಕೇಳಿದ್ದು ಸುಮ್ಮನೆ ಕೂರಲು. ನಾನು ಒಂದು ಹಾಳೆ ತೆಗೆದುಕೊಂಡು ಪಟ್ಟಿ ಬರೆದೆ. ಬೆಳಿಗ್ಗೆ ಏಳಕ್ಕೆ ಸ್ಕೂಟರಿನಲ್ಲಿ ಹೊರಡುವುದು. ತರೀಕೆರೆ ದಾಟಿ ಅಮೃತಾಪುರದ ದೇವಸ್ಥಾನ, ಕೆತ್ತನೆ ನೋಡಲು ಮುಕ್ಕಾಲು ಗಂಟೆ. ಅಲ್ಲಿಂದ ಲಕ್ಕವಳ್ಳಿ, ಭದ್ರೆಯ ಹಿನ್ನೀರು. ಹನ್ನೊಂದರಿಂದ ಒಂದರವರೆಗೆ ಮೀನು ಹಿಡಿಯುವುದು. ಹಿಡಿದ ಮೀನಿನಲ್ಲಿ ಊಟ. ಸಂಜೆ ಸೂರ್ಯಾಸ್ತ. ನೀರಿನ ಪಕ್ಕದ ವಸತಿಯಲ್ಲಿ ಒಂದು ರೂಮು, ಒಂದು ರಾತ್ರಿ. ಮೀನು ಹಿಡಿಯುವವನು ನಾನು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಬದುಕಿನಲ್ಲಿ ಒಂದು ಗೊದಮೊಟ್ಟೆಯನ್ನೂ ಹಿಡಿದವನಲ್ಲ. ಆದರೂ ಶಿವಮೊಗ್ಗದಿಂದ ರೀಲಿರುವ ಗಾಳದ ಕೋಲು ತಂದು, ಅಂಗಡಿಯಲ್ಲಿ ನಾಲ್ಕು ಜನಕ್ಕೆ ತೋರಿಸಿದೆ. ಸುಶೀಲ ಅದನ್ನು ಒಮ್ಮೆ ಕೈಯಲ್ಲಿ ಹಿಡಿದು, ತೂಗಿ ನೋಡಿ, "ಭಾರ ಜಾಸ್ತಿ ಆಯ್ತು," ಅಂದಳು. ಹೆಂಗಸಿಗೇನು ಗೊತ್ತು ಅಂದುಕೊಂಡೆ.

ಇನ್ನು ತರೀಕೆರೆಯ ವಿಷಯ. ಅಲ್ಲಿ ನನ್ನ ಅಕ್ಕ ಗಿರಿಜಕ್ಕ ಇದ್ದಾಳೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು, ಇಬ್ಬರು ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ತುಂಬಿದ ಮನೆ. ನಮ್ಮ ಕಡೆ ನಂಟರ ಊರನ್ನು ಹಾದುಹೋಗುವವನು ಅವರ ಮನೆಯಲ್ಲಿ ಒಂದು ಲೋಟ ನೀರಾದರೂ ಕುಡಿಯದೆ ಹೋದರೆ ಅದು ಅಪರಾಧ. ನಮ್ಮ ಚಿಕ್ಕಪ್ಪನೊಬ್ಬ ಬಸ್ಸಿನ ಕಿಟಕಿಯಲ್ಲಿ ಕೂತು ಬೀಗರ ಊರು ದಾಟುತ್ತಿದ್ದಾಗ ಅವರ ಕಣ್ಣಿಗೆ ಬಿದ್ದನೆಂದು, ಬೀಗರು ಏಳು ವರ್ಷ ಅವನ ಜೊತೆ ಮಾತು ಬಿಟ್ಟಿದ್ದರು. ಬಸ್ಸನ್ನು ಅವನು ನಿಲ್ಲಿಸಬಹುದಿತ್ತಂತೆ! ಹೀಗಿರುವಾಗ ತರೀಕೆರೆಯ ಬಸ್ ಸ್ಟ್ಯಾಂಡಿನ ಮುಂದೆ ಗಾಳದ ಕೋಲು ಹಿಡಿದ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ನಾನು ಕದ್ದು ಹೋಗುವುದುಂಟೇ? ಅಕ್ಕ ದಿನಾ ಎಂಟೂವರೆಗೆ ಫೋನ್ ಮಾಡುತ್ತಾಳೆ. ಹಿಂದಿನ ದಿನ ಹೇಳಿಬಿಟ್ಟೆ: "ಹೋಗ್ತಾ ಒಂದ್ಲೋಟ ಕಾಫಿ ಕುಡ್ಕೊಂಡು ಹೋಗ್ತೀವಿ ಅಕ್ಕ."

"ಇಬ್ರೇನಾ? ಅಯ್ಯೋ ಪಾಪ! ಇಬ್ರೇ ಹೋದ್ರೆ ಬೇಜಾರಾಗಲ್ವೇನೋ?" ಅಂದಳು ಅಕ್ಕ.

ಬೇಲಿ ಮೇಲೆ ಹೋಗುವ ಓತಿಕ್ಯಾತವನ್ನು ಕಿವಿಗೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಅದನ್ನು ನಾನು ಫೋನ್ ಮಾಡಿ ಬಿಟ್ಟುಕೊಂಡೆ. ಮರುದಿನ ಅಕ್ಕನ ಮನೆ ಮುಂದೆ ಒಂದು ಟೆಂಪೋ ನಿಂತಿತ್ತು. ಅದರೊಳಗೆ ಹನ್ನೆರಡು ಜನ, ಎರಡು ದೊಡ್ಡ ಪಾತ್ರೆ, ರಾಗಿ ಹಿಟ್ಟಿನ ಚೀಲ, ಚಾಪೆ, ಒಂದು ಚೆಂಡು. ಅಕ್ಕನ ಮುಖದಲ್ಲಿ ಅದೆಂಥ ಸಂತೋಷ! "ನಿಮ್ಮಿಬ್ರನ್ನೇ ಕಳಿಸೋಕೆ ಮನಸ್ಸು ಬರ್ಲಿಲ್ಲ ಕಣೋ," ಅಂದಳು. ಪ್ರೀತಿಯಿಂದಲೇ ಅಂದಳು, ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುಶೀಲ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ನಕ್ಕು, ಅಕ್ಕನ ಕೈಯಿಂದ ಪಾತ್ರೆ ಇಸಿದುಕೊಂಡಳು.

ಅಮೃತಾಪುರದಲ್ಲಿ ಕೆತ್ತನೆ ನೋಡಿದ್ದಕ್ಕಿಂತ ಮಕ್ಕಳನ್ನು ಹುಡುಕಿದ್ದೇ ಹೆಚ್ಚು. ಹಿನ್ನೀರಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಷ್ಟು ದೂರ ನೀರು, ಆಚೆ ದಂಡೆಯಲ್ಲಿ ಕಾಡು, ಸದ್ದಿಲ್ಲ. ಸದ್ದೆಲ್ಲ ಈಚೆ ದಂಡೆಯಲ್ಲಿ, ನಮ್ಮದೇ. ನಾನು ಕೋಲು ಬಿಚ್ಚಿ ಮೊದಲ ಸಲ ಬೀಸಿದಾಗ ಕೊಕ್ಕೆ ಹಿರಿಯ ಅಳಿಯನ, ಅಂದರೆ ಅಕ್ಕನ ದೊಡ್ಡ ಮಗನ, ಟೋಪಿಗೆ ಸಿಕ್ಕಿತು. ಎರಡನೇ ಸಲ ಜಾಲಿ ಗಿಡಕ್ಕೆ. ಮೂರನೇ ಸಲ ನೀರಿಗೇನೋ ಬಿತ್ತು, ಆದರೆ ರೀಲಿನೊಳಗೆ ದಾರ ಗೋಜಲಾಗಿ, ದಿನಾ ನೂರಾರು ಸುತ್ತು ತಂತಿ ಸುತ್ತುವ ನಾನು ಅರ್ಧ ಗಂಟೆ ಅದನ್ನು ಬಿಡಿಸುತ್ತಾ ಕೂತೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಮೀನನ್ನು ಕೊನೆಗೆ ದಂಡೆಯಲ್ಲಿ ಮಾರುವವನಿಂದ ಕೊಂಡೆವು. ಮೂರು ಕಲ್ಲಿನ ಒಲೆ ಹೂಡಿ ಸುಶೀಲ ಹದಿನಾಲ್ಕು ಜನಕ್ಕೆ ಮುದ್ದೆ ಕಟ್ಟಿದಳು, ಮೀನು ಸಾರು ಕಾಯಿಸಿದಳು. ಹೊಗೆ ಅವಳ ಕಡೆಗೇ ತಿರುಗುತ್ತಿತ್ತು. ಸೊಸೆಯರು ಕೈಜೋಡಿಸಲು ಬಂದರೆ, "ನೀವು ಆಡ್ಕೊಳ್ರಮ್ಮಾ, ವರ್ಷಕ್ಕೊಂದಿನ," ಅಂದು ಕಳಿಸಿಬಿಟ್ಟಳು. ಅವಳಿಗೆ ವರ್ಷಕ್ಕೊಂದು ದಿನವಾದರೂ ಬೇಡವೇ ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಎರಡನೇ ಸಲ ಸಾರು ಬಡಿಸಿಕೊಂಡೆ.

ಊಟವಾಗಿ ಎಲ್ಲರೂ ಮರದಡಿ ಉರುಳಿದರು. ನಾನೂ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿದ್ದೆ. ಟವೆಲಿನ ಸಂದಿಯಿಂದ ನೋಡಿದೆ. ಸುಶೀಲ ಪಾತ್ರೆ ತೊಳೆದು ಮುಗಿಸಿ, ನಾನು ಬಿಸಾಕಿದ್ದ ಕೋಲಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಅತ್ತಿತ್ತ ನೋಡಿದಳು. ನಾನು ಕಟ್ಟಿದ್ದ ಕೊಕ್ಕೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿ, ಬೇರೆ ಗಂಟು ಹಾಕಿ, ಉಗುಳು ಹಚ್ಚಿ ಬಿಗಿದಳು. ಎಲೆಯಲ್ಲಿ ಎತ್ತಿಟ್ಟಿದ್ದ ಮುದ್ದೆಯ ಚೂರನ್ನು ನಾದಿ ಕೊಕ್ಕೆಗೆ ಸಿಕ್ಕಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು, ಮೊಣಕೈ ಅಲುಗಿಸದೆ ಮಣಿಕಟ್ಟಿನಲ್ಲೇ ಬೀಸಿದಳು. ದಾರಕ್ಕೆ ಕಟ್ಟಿದ್ದ ಬೆಂಡು ಟಪ್ ಎಂದು ನೀರಿಗೆ ಬಿದ್ದು ನೆಟ್ಟಗೆ ನಿಂತಿತು. ಅವಳೂ ಹಾಗೇ ನಿಂತಳು. ಮದುವೆಯಾದಂದಿನಿಂದ ಅವಳ ಮುಖವನ್ನು ನಾನು ಹಾಗೆ ಕಂಡಿರಲಿಲ್ಲ. ಯಾರದೋ ಮನೆಯ ಹುಡುಗಿಯ ಹಾಗೆ ಕಂಡಳು. ಸತ್ಯ ಹೇಳುತ್ತೇನೆ, ನನಗೆ ನಾಚಿಕೆಯಾಯಿತು.

ಬೆಂಡು ಒಮ್ಮೆ ಅಲುಗಿತು. ಅವಳು ಎಳೆಯಲಿಲ್ಲ. ಎರಡನೇ ಸಲ ಪುಳಕ್ಕನೆ ಮುಳುಗಿತು. ಅವಳು ಕೋಲನ್ನು ಸರಕ್ಕನೆ ಮೇಲೆತ್ತಿದಳು, ತುದಿ ಬಿಲ್ಲಿನಂತೆ ಬಾಗಿತು. ಅದೇ ಗಳಿಗೆಯಲ್ಲಿ ಮರದಡಿಯಿಂದ ಅಕ್ಕನ ದನಿ ಬಂತು: "ಸುಶೀಲಾ, ಒಂಚೂರು ಕಾಫಿ ಇಡ್ತೀಯೇನಮ್ಮಾ? ತಲೆ ಹಿಡ್ಕೊಂಡ್ಬಿಟ್ಟಿದೆ."

ನಾನು ಎದ್ದು ಓಡಿದೆ. ಸುಶೀಲ ಕೋಲನ್ನು ನನ್ನ ಕೈಗೆ ಕೊಟ್ಟು, "ದಾರ ಸಡಿಲ ಬಿಡ್ಬೇಡಿ," ಅಂದು ಒಲೆಯ ಕಡೆ ಹೋದಳು. ನಾನು ಎಳೆದೆ. ಮೊಳದುದ್ದದ ಗೆಂಡೆ ಮೀನು ದಂಡೆಯ ಹುಲ್ಲಿನ ಮೇಲೆ ಬಿದ್ದು ಪಟಪಟ ಬಡಿದುಕೊಂಡಿತು. "ಮಾವ ಹಿಡಿದ್ರು! ಮಾವ ಹಿಡಿದ್ರು!" ಎಂದು ಅಳಿಯಂದಿರು ಎದ್ದು ಕುಣಿದರು. ಮೀನನ್ನು ನನ್ನ ಎರಡೂ ಕೈಯಲ್ಲಿ ಹಿಡಿಸಿ ಫೋಟೋ ತೆಗೆದರು. ನಾನು ಬಾಯಿ ಬಿಟ್ಟೆ, ನಿಜ. ಆದರೆ ಬಿಟ್ಟಿದ್ದು ಹಲ್ಲು ತೋರಿಸಲು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ! ಆ ಫೋಟೋ ನಂಟರ ಗುಂಪಿನ ಫೋನುಗಳಲ್ಲೆಲ್ಲ ಸುತ್ತಾಡಿತು, ಮೋಟರ್ ತರುವವರು ಇವತ್ತಿಗೂ ಕೇಳುತ್ತಾರೆ, "ಮತ್ತೆ ಮೀನು ಹಿಡಿಯೋಕೆ ಹೋಗ್ಲಿಲ್ವಾ?"

ಸೂರ್ಯಾಸ್ತವನ್ನು ನೋಡಲಿಲ್ಲ. "ನೀವಿಬ್ರೇ ಈ ಕಾಡಲ್ಲಿ ಯಾಕೋ ಮಲಗ್ತೀರಾ, ನಡೀರಿ ಮನೆಗೆ," ಎಂದು ಅಕ್ಕ ರೂಮಿನ ಕೀಲಿಯನ್ನು ತಾನೇ ವಾಪಸು ಕೊಡಿಸಿದಳು. ರಾತ್ರಿ ತರೀಕೆರೆಯ ಹಾಲಿನಲ್ಲಿ ಸಾಲಾಗಿ ಮಲಗಿದೆವು. ಬೆಳಿಗ್ಗೆ ಸ್ಕೂಟರಿನಲ್ಲಿ ಅಜ್ಜಂಪುರದ ದಾರಿ ಹಿಡಿದು ಒಂದೆರಡು ಮೈಲಿ ಬಂದ ಮೇಲೆ ಸುಶೀಲ ಹಿಂದಿನಿಂದ ಮೆಲ್ಲಗೆ ಅಂದಳು:

"ಅದು ನನ್ ಮೀನು ಕಣ್ರೀ."

ನಾನು ಗಾಡಿ ನಿಲ್ಲಿಸಿದೆ. ಅವಳು ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೇಳಿದಳು. ದೇವನೂರಿನ ಕಡೆಯ ಅವಳ ಊರಿನ ಮುಂದೆ ಕೆರೆ. ಅಪ್ಪನ ಜೊತೆ ಏಳನೇ ವಯಸ್ಸಿನಿಂದ ಬಿದಿರು ಕೋಲಿನಲ್ಲಿ ಗಾಳ ಹಾಕಿದವಳು. ಅಪ್ಪನಿಗಿಂತ ಹೆಚ್ಚು ಹಿಡಿಯುತ್ತಿದ್ದಳಂತೆ. ಮದುವೆಯಾಗಿ ಬಂದ ಮೊದಲ ವಾರ ನನ್ನ ಅವ್ವನನ್ನು "ಇಲ್ಲಿ ಕೆರೆ ಎಲ್ಲಿದೆ?" ಎಂದು ಕೇಳಿದ್ದಳು. "ಸೊಸೆ ಆದವಳಿಗೆ ಕೆರೆ ಯಾಕಮ್ಮಾ, ಹಿತ್ಲಲ್ಲೇ ಬೋರಿದೆ," ಅಂದಿದ್ದಳಂತೆ ಅವ್ವ. ಮುಗಿಯಿತು.

"ನನಗ್ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ಕೇಳಿದ್ರೆ ಹೇಳ್ತಿದ್ದೆ," ಅಂದಳು. ನಾನು ಗಾಡಿ ಸ್ಟಾರ್ಟ್ ಮಾಡಿದೆ. ಅಂದು ನಾನು ಹೇಳಬಹುದಾಗಿದ್ದ ಮಾತುಗಳೆಲ್ಲ ಮೂರು ವರ್ಷವಾದರೂ ಹೊರಗೆ ಬಂದಿರಲಿಲ್ಲ. ಎಲ್ಲರಿಗೂ ನಿಜ ಹೇಳಬೇಕು ಅಂದುಕೊಳ್ಳುವುದು, ಅಷ್ಟರಲ್ಲಿ ಯಾರದೋ ಮೋಟರ್ ಸುಡುವುದು. ನೆಪಕ್ಕೆ ನಮ್ಮ ಕಡೆ ಬರವೇ?

ನಿನ್ನೆ ಹೆಬ್ಬೆರಳಿನಲ್ಲಿ ರಕ್ತದ ಹನಿ ಇಟ್ಟುಕೊಂಡು ಕೂತಿದ್ದಾಗ ಸುಶೀಲ ಖಾಲಿ ಬಕೆಟ್ ಹಿಡಿದು ಒಳಗೆ ಬಂದಳು. ಕೊಕ್ಕೆ ನೋಡಿದಳು.

"ಸಿಕ್ತಾ?"

"ಯಾಕೆ ಇಟ್ಕೊಂಡಿದ್ದೆ?"

"ಇರ್ಲಿ ಅಂತ."

ಮೂರು ವರ್ಷದಿಂದ ಗುಂಡಿ ಹುಡುಕಿದಾಗಲೆಲ್ಲ ಆ ಕೊಕ್ಕೆ ಅವಳ ಬೆರಳಿಗೂ ಚುಚ್ಚಿರಬೇಕು. ಆದರೂ ಎಸೆದಿರಲಿಲ್ಲ. "ಈ ಭಾನುವಾರ ಹೋಗಾಣ್ವಾ?" ಅಂದೆ.

"ಪಟ್ಟಿ ಬರೆಯೋದಾದ್ರೆ ನಾ ಬರಲ್ಲ."

"ಬರೆಯಲ್ಲ."

"ದೇವಸ್ಥಾನ ಬೇಡ, ಸೂರ್ಯಾಸ್ತ ಬೇಡ. ಕಡೂರಿನ ಮೇಲೆ ಅಯ್ಯನಕೆರೆಗೆ ಹೋಗಾಣ. ಗಾಳ ಹಾಕೋಕೆ ಬಿಡ್ತಾರಾ ಅಂತ ಮೊದ್ಲು ಕೇಳಿ. ಆ ರೀಲಿನ ಕೋಲು ತರ್ಬೇಡಿ, ಬಿದಿರು ಸಾಕು. ಹಿಡಿಯೋಳು ನಾನು. ಒಲೆ ನಿಮ್ದು."

ಒಪ್ಪಿದೆ. ಅಷ್ಟರಲ್ಲಿ ಎಂಟೂವರೆ ಆಯಿತು, ಫೋನ್ ಬಡಿದುಕೊಂಡಿತು. ಅಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಕೊಕ್ಕೆಯನ್ನು ಮುಷ್ಟಿಯೊಳಗೆ ಮುಚ್ಚಿದೆ. ತಿಂಡಿ ಏನು, ಮಂಡಿನೋವು ಹೇಗಿದೆ, ಎಲ್ಲ ಆದ ಮೇಲೆ ಅವಳು ಕೇಳಿದಳು: "ಭಾನುವಾರ ಮನೇಲೇ ಇರ್ತೀರೇನೋ?"

ಸುಶೀಲ ಬಕೆಟ್ ಕೆಳಗಿಡದೆ ನಿಂತಿದ್ದಳು.

"ಇಲ್ಲ ಅಕ್ಕ. ಅಯ್ಯನಕೆರೆಗೆ ಹೋಗ್ತೀವಿ. ನಾವಿಬ್ರೇ."

'ನೀನೂ ಬಾ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅದನ್ನು ನುಂಗಲು ಬೇರೆ ಏನಾದರೂ ಹೇಳಲೇಬೇಕಿತ್ತು. ಹೇಳಿದೆ: "ಅಕ್ಕ, ಆವತ್ತು ಲಕ್ಕವಳ್ಳೀಲಿ ಆ ಮೀನು ಹಿಡಿದಿದ್ದು ನಾನಲ್ಲ. ಸುಶೀಲ."

"ಅದು ನಂಗೆ ಆವತ್ತೇ ಗೊತ್ತು ಕಣೋ," ಅಂದಳು ಅಕ್ಕ. "ಕಾಫಿ ಕೇಳೋಕೆ ತಲೆ ಎತ್ತಿದಾಗ ಕೋಲು ಅವಳ ಕೈಲೇ ಇತ್ತಲ್ಲ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ಗಂಡ ನೀನು. ನೀನೇ ಹೇಳ್ತೀಯ ಅಂತ ಕಾದೆ. ನೀನ್ಯಾಕೋ ಸುಮ್ನಿದ್ದೆ?"

"ಹೋಗ್ಬನ್ನಿ," ಎಂದು ಅವಳೇ ಫೋನ್ ಇಟ್ಟಳು.

"ಏನಂದ್ರು?" ಎಂದು ಸುಶೀಲ ಕೇಳಿದಳು.

"ಮೀನು ನಿಂದೇ ಅಂತೆ."

ಅವಳು ಬಕೆಟ್ ಕೆಳಗಿಟ್ಟು, ನನ್ನ ಮುಷ್ಟಿ ಬಿಡಿಸಿ ಕೊಕ್ಕೆ ತೆಗೆದುಕೊಂಡಳು. ದಾರವನ್ನು ಎರಡು ಸಲ ಜಗ್ಗಿ ನೋಡಿದಳು, ಗಂಟು ಗಟ್ಟಿಯಾಗಿತ್ತು. ಡಬ್ಬಿಯಿಂದ ಸೂಜಿ ಹುಡುಕಿ ನನ್ನ ಕೈಗೆ ಕೊಟ್ಟಳು.

"ಗುಂಡಿ ನೀವೇ ಹೊಲ್ಕೊಳ್ಳಿ. ನಾನು ಬಿದಿರು ನೋಡ್ಕೊಂಡ್ ಬತ್ತೀನಿ."