ನನ್ನ ಪಾಲಿನ ಅರ್ಧ ಜಪ

ಮಂಪರಿನ ಮದ್ದು ಹೆಚ್ಚಾಗಿ ಅವಳು ಏಳದೇ ಹೋಗಬಹುದಿತ್ತು. ಕಡಿಮೆಯಾಗಿ ನಡುವೆಯೇ ಎದ್ದು ಕೂರಬಹುದಿತ್ತು. ರಕ್ತ ನಿಲ್ಲದಿರಬಹುದಿತ್ತು, ಕೊಡಲು ಹೋದ ನಾನು ಸೂಜಿ ಕಂಡೊಡನೆ ಬಿದ್ದು ಆಸ್ಪತ್ರೆಯವರಿಗೆ ಇನ್ನೊಂದು ಮಂಚದ ಖರ್ಚು ತರಬಹುದಿತ್ತು. ಗಂಟಲಿನ ಗಂಟು ಕೆಟ್ಟ ಜಾತಿಯದಾಗಿರಬಹುದಿತ್ತು. ಬೈಂದೂರಿನಿಂದ ಹೊರಟ ಬಸ್ಸು ಕುಂದಾಪುರ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಬ್ರಹ್ಮಾವರದಲ್ಲಿ ನೀರಿನ ಬಾಟಲಿ ತರಲು ಇಳಿದ ನನ್ನನ್ನು ಬಿಟ್ಟು, ಸ್ಕ್ಯಾನಿಂಗ್ ಚೀಲ ನನ್ನ ಕಂಕುಳಲ್ಲೇ ಇರುವಾಗ, ಅವಳನ್ನು ಮಾತ್ರ ಕೊಂಡೊಯ್ಯಬಹುದಿತ್ತು. ಡಾಕ್ಟರು ಯಾರದೋ ಮೊಣಕಾಲೆಂದು ತಿಳಿದು ಇವಳ ಮೊಣಕಾಲನ್ನು ಕುಯ್ಯಬಹುದಿತ್ತು. ಇದೊಂದನ್ನು ನಾನು ಗಟ್ಟಿಯಾಗಿಯೇ ಹೇಳಿದೆ. ಅವಳು ನಕ್ಕಳು. "ಕುಯ್ಲಿ ಬಿಡಿ. ಅದೂ ನೋಯ್ತಾ ಇತ್ತ್."

ನನಗೆ ಐವತ್ತು ದಾಟಿದೆ. ಹೆಂಡತಿಗೆ ಗಂಟಲಿನ ಗಂಟು ತೆಗೆಸಬೇಕು ಎಂದು ಗೊತ್ತಾದಂದಿನಿಂದ ನಾನು ಮಾಡಿದ್ದು ಇದೇ ಕೆಲಸ. ಹೆದರುವುದು ನನಗೆ ಬರಿಯ ಚಟವಲ್ಲ, ಒಂದು ರೀತಿಯ ಭಕ್ತಿ. ನಾನು ಮೊದಲೇ ಹೆದರಿಟ್ಟ ಕೇಡನ್ನು ದೇವರು ಬರಗೊಡುವುದಿಲ್ಲ ಎಂಬ ನಂಬಿಕೆ ಎಲ್ಲಿಂದಲೋ ಹೊಕ್ಕುಬಿಟ್ಟಿದೆ. ಯಾವ ಗುರುಗಳೂ ಇದನ್ನು ಪ್ರವಚನದಲ್ಲಿ ಹೇಳಿದ್ದಿಲ್ಲ. ಆದರೂ ಒಂದನ್ನೂ ಬಿಡದೆ ಹೆದರಿ ಮುಗಿಸುವುದು ನನ್ನ ಕರ್ತವ್ಯವೆಂದೇ ನಡೆದುಕೊಂಡು ಬಂದಿದ್ದೇನೆ.

ಅವಳ ಪ್ರಾರ್ಥನೆ ಬೇರೆ ಬಗೆಯದು. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು, ಸ್ವಲ್ಪ ನೋಡ್ಕೊಳ್ಳಿ ಅನ್ನುತ್ತೇವಲ್ಲ, ಅಷ್ಟೇ. ಕೊಟ್ಟ ಮೇಲೆ ತಿರುಗಿ ನೋಡುವುದಿಲ್ಲ. ನಾನಾದರೆ ಬೀಗದ ಕೈ ಕೊಟ್ಟು, ಗೇಟಿನವರೆಗೆ ಹೋಗಿ, ಮರಳಿ ಬಂದು ಗ್ಯಾಸ್ ನೋಡುವವನು.

"ದೇವ್ರಿಗೆ ಒಂದೂ ಕೆಲ್ಸ ಬಿಡುದಿಲ್ಲ ನೀವ್," ಅನ್ನುತ್ತಿದ್ದಳು. "ಎಲ್ಲ ನೀವೇ ಹೇಳ್ಕೊಟ್ರೆ ಅವ್ರ್ ಎಂತ ಮಾಡುದ್?"

ನಾವು ದೇವರ ಹತ್ತಿರ ಮಾತಾಡುವುದು ಕೊಂಕಣಿಯಲ್ಲಿ. ಆದರೆ ಅವಳು ನನ್ನನ್ನು ಬೈಯುವುದು ಮಾತ್ರ ಕುಂದಾಪ್ರ ಕನ್ನಡದಲ್ಲೇ. ಅದರಲ್ಲಿ ಬೈದರೆ ತಾಗುತ್ತದೆ ಅನ್ನುತ್ತಾಳೆ. ಅವಳದು ದೊಡ್ಡ ಸ್ವರ. ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಹಾಡಿನಲ್ಲಿ ಅವಳದು ಬೇರೆಯೇ ಕೇಳುತ್ತಿತ್ತು. ಮೀನಿನ ಬುಟ್ಟಿ ಹೊತ್ತ ಹೆಂಗಸನ್ನು ಅವಳು ಗೇಟಿನಿಂದ "ಹ್ವಾಯ್" ಎಂದು ಕೂಗಿದರೆ ಹೆದ್ದಾರಿಯ ಆಚೆಯವರೂ ತಿರುಗುತ್ತಿದ್ದರು.

ನಾವು ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಆ ಮೀನಿನ ಹೆಂಗಸು ಬಂದು ಜಗಲಿಯಲ್ಲಿ ಕೂತಳು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಅನ್ನುವುದು ರೂಢಿ. "ಬಾಯಮ್ಮ, ಹೆದ್ರ್ಕಣ್ಬೇಡಿ. ನಾನ್ ಕುಂಭಾಶಿ ಗಣಪತಿಗ್ ಹೇಳ್ಕಂಡೆ. ನೀವ್ ನಿಮ್ಮವ್ರಿಗೆ ಹೇಳಿ. ಇಬ್ರಲ್ಲಿ ಒಬ್ರಾರೂ ನೋಡ್ಕಂತ್ರ್."

"ನಂಗ್ ಹೆದ್ರಿಕೆ ಇಲ್ಲ ಮಾರಾಯ್ತಿ. ಇವ್ರಿಗೆ ಹೇಳ್," ಎಂದು ಅವಳು ನನ್ನತ್ತ ಕೈ ತೋರಿಸಿದಳು.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿರಲಿಲ್ಲ. ಅವಳ ಅಕ್ಕ ಜೊತೆಗೆ ಉಳಿದರು. ನಾನು ಬಸ್ಸು ಹಿಡಿದು ಮನೆಗೆ ಬಂದೆ. ಮರುದಿನ ಬೆಳಿಗ್ಗೆ ಆಪರೇಷನ್. ಮುಸ್ಸಂಜೆಯಾಗಿತ್ತು, ಅಂದರೆ ಜಪಸರದ ಹೊತ್ತು. ದೇವರ ಪೀಠದ ಮುಂದಿನ ಸಣ್ಣ ಬಲ್ಬು ಹಾಕಿ, ಮಣಿಸರ ಹಿಡಿದು ಮೊಣಕಾಲೂರಿದೆ. ಮೊದಲ ಮಣಿಗೆ ಬೆರಳಿಟ್ಟು ಸುಮ್ಮನೆ ಕಾದೆ.

ಏನು ಕಾಯುತ್ತಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಜಪ ಎರಡು ತುಂಡಿನದು. ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ, ಉಳಿದರ್ಧಕ್ಕೆ ಮನೆಮಂದಿ ದನಿಗೂಡಿಸುತ್ತಾರೆ. ಚಿಕ್ಕಂದಿನಲ್ಲಿ ನಮ್ಮಮ್ಮ ಶುರು ಮಾಡುತ್ತಿದ್ದರು, ಅವರ ನಂತರ ಇವಳು. ನಾನು ಹುಟ್ಟಿದಂದಿನಿಂದ ಉತ್ತರ ಕೊಡುವವನು. ಮೊದಲರ್ಧದಲ್ಲಿ ದೇವಮಾತೆಗೆ ದೇವದೂತ ಹೇಳಿದ ವಂದನೆ ಇದೆ, ವರಪ್ರಸಾದ ತುಂಬಿದವಳೇ ಎಂಬ ಮಾತಿದೆ. ನನ್ನ ಪಾಲಿನದರಲ್ಲಿ ಇರುವುದು ಪಾಪಿಗಳು, ಮತ್ತೆ ಸಾಯುವ ಗಳಿಗೆ. ಇಷ್ಟು ವರ್ಷ ನನ್ನ ಬಾಯಲ್ಲಿ ದಿನಾ ಹೊರಳಿದ್ದು ಅದೇ. ಇಂಥವನು ಇನ್ನೇನಾಗುತ್ತಾನೆ?

ಮೊದಲರ್ಧ ನನಗೆ ಗೊತ್ತಿಲ್ಲವೆಂದಲ್ಲ. ಹೇಳಲು ಹೋದೆ. ಎರಡು ಮಾತು ಆಗುವುದರೊಳಗೆ ನಾಲಿಗೆ ತಾನಾಗಿ ನನ್ನ ಭಾಗಕ್ಕೆ ಜಾರಿತು. ಮತ್ತೆ ಶುರು ಮಾಡಿದೆ. ಮತ್ತೆ ಸಾಯುವ ಗಳಿಗೆಗೇ ಬಂದು ನಿಂತೆ. ಕೊನೆಗೆ ಮೊದಲರ್ಧದ ಜಾಗವನ್ನು ಖಾಲಿ ಬಿಟ್ಟು, ಅಷ್ಟು ಹೊತ್ತು ಸುಮ್ಮನಿದ್ದು, ನನ್ನದನ್ನು ಮಾತ್ರ ಹೇಳುತ್ತ ಹೋದೆ. ಯಾರೂ ಕರೆಯದೆಯೇ ಓಗೊಟ್ಟ ಹಾಗೆ. ಆ ಖಾಲಿಯಲ್ಲಿ ದೇವರಿದ್ದಾನೆಂದು ಹೇಳುವವರಿದ್ದಾರೆ. ನನಗೆ ಕೇಳಿದ್ದು ಫ್ರಿಜ್ಜಿನ ಸದ್ದು. ಆ ಕಡೆ ಯಾರೂ ಇಲ್ಲ, ಇದ್ದದ್ದು ಇವಳ ಸ್ವರ ಮಾತ್ರ, ಅದನ್ನೇ ನಾನು ನಂಬಿಕೆ ಎಂದುಕೊಂಡಿದ್ದೆ ಅನ್ನಿಸಿತು. ಜಪ ಮುಗಿಸಲಿಲ್ಲ. ಮಣಿಸರವನ್ನು ಜೇಬಿಗೆ ಹಾಕಿಕೊಂಡು ಕೋಳಿಗೂಡಿನ ಬಾಗಿಲು ಹಾಕಿದೆಯೋ ಎಂದು ನೋಡಲು ಎದ್ದುಹೋದೆ.

ಆಪರೇಷನ್ ಸುಸೂತ್ರವಾಯಿತು. ಮಂಪರು ಸರಿಯಾಗಿ ಹತ್ತಿ ಸರಿಯಾಗಿ ಇಳಿಯಿತು. ಯಾರೂ ನನ್ನ ರಕ್ತ ಕೇಳಲಿಲ್ಲ. ಗಂಟು ಒಳ್ಳೆಯ ಜಾತಿಯದೇ ಎಂದು ಕೆಲವು ದಿನಗಳ ನಂತರ ಗೊತ್ತಾಯಿತು. ಮೊಣಕಾಲು ಹಾಗೇ ನೋಯುತ್ತಿದೆ.

"ಒಂದು ಸಣ್ಣ ವಿಷಯ," ಎಂದರು ಡಾಕ್ಟರು. "ಸ್ವರದ ನರಕ್ಕೆ ಸ್ವಲ್ಪ ಪೆಟ್ಟಾದ ಹಾಗಿದೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಹೋಗುವುದಿಲ್ಲ. ಮೊದಲೇ ಹೇಳಿದ್ದೆನಲ್ಲ?"

ಹೇಳಿದ್ದರು. ಆಗ ನಾನು ಇನ್ನೂ ದೊಡ್ಡ ಕೇಡುಗಳ ಹೆದರಿಕೆಯಲ್ಲಿ ಮುಳುಗಿದ್ದೆ. ಇಷ್ಟೊಂದು ಹೆದರಿದವನು ಅದೊಂದಕ್ಕೆ ಹೆದರಲು ಮರೆತಿದ್ದೆ.

ಮಳೆಗಾಲ ಹೋಗಿ ಚಳಿ ಬಂತು. ಸ್ವರ ಬರಲಿಲ್ಲ. ಅವಳು ಬಾಯಿ ತೆರೆದರೆ ಬರುವುದು ಗಾಳಿ, ಅದೂ ಹತ್ತಿರ ಕೂತರೆ ಮಾತ್ರ ಕೇಳುವಷ್ಟು. ಮೀನಿನವಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಾಳೆ. "ಬಾಯಮ್ಮ ಬೈದ್ರೇ ನಂಗ್ ಮೀನ್ ಮಾರಿದಾಂಗ್ ಆಪ್ದ್," ಎಂದು ಮೀನಿನವಳು ನನ್ನ ಹತ್ತಿರ ದೂರಿದಳು. "ಈಗ ಕೊಟ್ಟದ್ದನ್ ತಕಂತ್ರ್. ಎಂತ ಯಾಪಾರ ಇದ್?" ಇಗರ್ಜಿಯಲ್ಲಿ ಗುರುಗಳು, ದೇವರು ದೊಡ್ಡದನ್ನು ಉಳಿಸಿಕೊಟ್ಟರಲ್ಲ, ಅದಕ್ಕೆ ಸ್ತುತಿ ಮಾಡೋಣ ಎಂದರು. ನಿಜವೇ. ತಲೆ ಆಡಿಸಿದೆ. ಸ್ತುತಿ ಮಾತ್ರ ಬರಲಿಲ್ಲ. ಹಾಡು ಶುರುವಾದಾಗ ಅವಳು ಪುಸ್ತಕ ತೆರೆದು ಹಿಡಿದು, ಬಾಯಿ ಮುಚ್ಚಿ ನಿಂತಿದ್ದನ್ನು ಅವರು ನೋಡಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಜಪ ನಿಂತೇ ಹೋಗಿತ್ತು. ನಾನು ಮಾತೆತ್ತಲಿಲ್ಲ, ಅವಳು ಒತ್ತಾಯಿಸಲಿಲ್ಲ. ಮೊನ್ನೆ ಸಂಜೆ ಅವಳೇ ಬಲ್ಬು ಹಾಕಿ ಕೂತು, ನನ್ನ ಅಂಗಿ ಜಗ್ಗಿದಳು. ಕಿವಿ ಹತ್ತಿರ ಒಯ್ದೆ.

"ಶುರು ನೀವ್ ಮಾಡಿ."

"ನಂಗ್ ಬತ್ತಿಲ್ಲ ಅದ್."

"ಸಾಯುದನ್ ನಾನ್ ಹೇಳ್ತೆ. ನೀವ್ ಒಳ್ಳೇದ್ ಹೇಳಿ."

ತಡವರಿಸುತ್ತ ಶುರು ಮಾಡಿದೆ. ವರಪ್ರಸಾದದ ಮಾತು ಬಂದಾಗ ಬೇರೆಯವರ ಅಂಗಿ ತೊಟ್ಟಂತಾಯಿತು. ನನ್ನ ಅರ್ಧ ಮುಗಿಸಿ ನಿಂತೆ. ಅವಳ ತುಟಿ ಆಡಿತು. ಏನೂ ಕೇಳಲಿಲ್ಲ. ಮುಗಿಯುವ ಮೊದಲೇ ನಾನು ಮುಂದಿನದಕ್ಕೆ ಹೊರಟೆ. ಅವಳು ನನ್ನ ಮೊಣಕಾಲಿಗೆ ಒಂದು ತಟ್ಟಿ ತಡೆದಳು, ತನ್ನದಾದ ಮೇಲೆ ಮತ್ತೊಮ್ಮೆ ತಟ್ಟಿದಳು. ಯಾವಾಗಲೂ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದವನು ಅವಳ ತುಟಿಯನ್ನೇ ನೋಡುತ್ತ ಕೂತೆ.

ಎರಡನೆಯ ರಹಸ್ಯದ, ಅಂದರೆ ಎರಡನೆಯ ಹತ್ತು ಮಣಿಗಳ, ನಡುವೆ ಕರೆಂಟು ಹೋಯಿತು.

ತುಟಿ ಕಾಣುವುದಿಲ್ಲ, ಸ್ವರವಿಲ್ಲ. ನನ್ನ ಅರ್ಧ ಹೇಳಿಯಾಗಿತ್ತು. ಅವಳು ಉತ್ತರ ಕೊಡುತ್ತಿದ್ದಾಳೋ, ಮುಗಿಸಿದಳೋ, ಅಳುತ್ತಿದ್ದಾಳೋ ತಿಳಿಯಲಿಲ್ಲ. ಕತ್ತಲೆಯಲ್ಲಿ ಮಣಿ ಹಿಡಿದುಕೊಂಡು, ಮೊಣಕಾಲಿಗೆ ತಟ್ಟುವ ಕೈಗಾಗಿ ಕಾಯುತ್ತ ಕೂತೆ.